ಕನ್ನಡಿ ಕಂಪೌಂಡರು

ನಾಯಿ ನೋಡಲು ಯಾರ ಮನೆಗೆ ಹೋದರೂ ನಮ್ಮ ಕಂಪೌಂಡರು ಜಗಲಿ ಹತ್ತುವ ಮೊದಲೇ ಒಂದು ಪ್ರಶ್ನೆ ಕೇಳುತ್ತಿದ್ದರು: "ಕನ್ನಡಿ ಎಲ್ಲಿಟ್ಟಿದೀರಿ?" ಜ್ವರ ಇದೆಯಾ, ಅನ್ನ ತಿನ್ನುತ್ತದಾ, ಯಾರಿಗಾದರೂ ಕಚ್ಚಿದೆಯಾ ಎಂಬುದೆಲ್ಲ ಆಮೇಲೆ. ಹೊಸನಗರದಲ್ಲಿ ಇದು ದೊಡ್ಡ ನಗೆಪಾಟಲಾಗಿತ್ತು. "ಕಂಪೌಂಡರಿಗೆ ಮೊದ್ಲು ಕ್ರಾಪು ತೀಡ್ಕಬೇಕು, ಆಮೇಲೆ ನಾಯಿ" ಎಂದು ಹೋಟೆಲಿನಲ್ಲಿ ಕೂತವರು ಆಡಿಕೊಳ್ಳುತ್ತಿದ್ದರು. ತೀಡಿಕೊಳ್ಳಲು ಅವರ ತಲೆಯಲ್ಲಿ ನಾಲ್ಕು ಕೂದಲೂ ಇರಲಿಲ್ಲ ಎಂಬುದು ಬೇರೆ ಮಾತು.

ಅವರು ತೀರಿಕೊಂಡು ಆರು ತಿಂಗಳಾಯಿತಂತೆ. ನನಗೆ ಗೊತ್ತಾದದ್ದು ಮೊನ್ನೆ, ತೀರ್ಥಹಳ್ಳಿಯ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಊರ ಸುದ್ದಿ ಹೇಳುವಾಗ. ಆರು ತಿಂಗಳು! ಒಂದು ಕಾರ್ಡು ಹಾಕುವವರೂ ಇರಲಿಲ್ಲವೇ ಎಂದು ಯಾರ ಮೇಲೋ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ನನ್ನ ಕೈಯಲ್ಲಿ ಕಲಿತ ಮಕ್ಕಳನ್ನು ಯಾರನ್ನು ಬೇಕಾದರೂ ಕೇಳಿ. ಆಮೇಲೆ, ನೀನು ಎಷ್ಟು ಕಾರ್ಡು ಹಾಕಿದ್ದೆ ತಾಯಿ ಎಂದು ನನ್ನನ್ನೇ ಕೇಳಿಕೊಂಡೆ. ಒಂದೂ ಇಲ್ಲ. ಇಳಿಯುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲೂಕಿನಲ್ಲಿ ಸುತ್ತಿ ಸುತ್ತಿ ನೌಕರಿ ಮಾಡಿದ ಮನುಷ್ಯ. ದನದ ಆಸ್ಪತ್ರೆಯ ಕಂಪೌಂಡರು ಎಂದರೆ ಅವರೇ. ಡಾಕ್ಟರು ಬರುತ್ತಿದ್ದರು, ವರ್ಗವಾಗಿ ಹೋಗುತ್ತಿದ್ದರು. ದನಕರುಗಳಿಗೆ ಗೊತ್ತಿದ್ದುದು ಕಂಪೌಂಡರ ಕೈ.

ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಹೆಗಲಿಗೆ ಒಂದು ಖಾಕಿ ಚೀಲ, ಅದರಲ್ಲಿ ಸೂಜಿ, ಸ್ಪಿರಿಟ್ಟು, ಹತ್ತಿ, ಮತ್ತೆ ಟವೆಲಿನಲ್ಲಿ ಸುತ್ತಿದ ಒಂದು ಕೈಗನ್ನಡಿ. ಎಮ್ಮೆಗೆ ಸೂಜಿ ಹಾಕುವ ಮೊದಲು ಅದರ ಕಿವಿಯ ಹತ್ತಿರ ಬಗ್ಗಿ "ಸ್ವಲ್ಪ ನೋಯ್ತದೆ ತಾಯಿ, ಬೈಬೇಡ" ಎನ್ನುತ್ತಿದ್ದರು. ಎಮ್ಮೆ ಒದ್ದರೆ ಎಮ್ಮೆಯನ್ನು ಬೈಯುತ್ತಿರಲಿಲ್ಲ, ಹಿಡಿದುಕೊಂಡವನನ್ನು ಬೈಯುತ್ತಿದ್ದರು. ಮೈಯೆಲ್ಲ ಫಿನಾಯಿಲ್ ವಾಸನೆ. ಹೆಂಡತಿ ಮಕ್ಕಳು ತೀರ್ಥಹಳ್ಳಿಯ ಕಡೆ ಹಳ್ಳಿಯಲ್ಲಿದ್ದರು, ಇವರು ಹೊಸನಗರದಲ್ಲಿ ಒಂಟಿ. ನನಗೆ ಟೀಚರ್ ಕೆಲಸ ಸಿಕ್ಕಿ ಅಲ್ಲಿ ಬಾಡಿಗೆಗೆ ಹಿಡಿದ ಕೋಣೆಯ ಪಕ್ಕದ ಕೋಣೆ ಅವರದ್ದು. ನಡುವೆ ಒಂದು ಮಣ್ಣಿನ ಗೋಡೆ, ಎದುರಿಗೆ ಇಬ್ಬರಿಗೂ ಸೇರಿ ಒಂದೇ ಜಗಲಿ.

ಮೊದಲ ದಿನ ಸಾಮಾನು ಇಳಿಸುತ್ತಿದ್ದಾಗ ಅವರು ರಸ್ತೆಯಲ್ಲಿ ಬರುವುದು ಕಂಡಿತು. ಆ ಕಾಲು, ಆ ಚೀಲ ನೋಡಿದೊಡನೆ ಗುರುತು ಸಿಕ್ಕಿತು. ನನ್ನ ಕೈಯಲ್ಲಿದ್ದ ಕೊಡ ಹಾಗೇ ನಿಂತಿತು. ಎರಡು ವರ್ಷದ ಹಿಂದೆ, ನಮ್ಮ ಊರು ಬಿಡುವ ದಿನ, ನಮ್ಮ ಮನೆಯ ಅಂಗಳದಿಂದ ಬೆನ್ನು ತಿರುಗಿಸಿ ಹೋಗುತ್ತಿದ್ದ ಮನುಷ್ಯ ಇವರೇ. ನಮ್ಮ ಹಂಡನನ್ನು ಕೊಲ್ಲಿಸಿದವರು.

ಹಂಡ ನಮ್ಮ ನಾಯಿ. ಕಪ್ಪು ಮೈಯ ಮೇಲೆ ಬಿಳಿ ಮಚ್ಚೆ ಇದ್ದುದಕ್ಕೆ ಆ ಹೆಸರು. ಶರಾವತಿಗೆ ಅಣೆಕಟ್ಟು ಕಟ್ಟಿ ನಮ್ಮ ಊರು ಮುಳುಗುತ್ತದೆ ಎಂದಾದಾಗ ನನಗೆ ಹತ್ತೊಂಬತ್ತು, ಹಂಡನಿಗೆ ಆರು. ಈಗ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟುವ ಲಾಂಚ್ ಹತ್ತಿ ನಡುನೀರಿಗೆ ಬಂದಾಗಲೆಲ್ಲ ನಾನು ಕೆಳಗೆ ನೋಡುತ್ತೇನೆ. ಏನೂ ಕಾಣುವುದಿಲ್ಲ, ಆದರೂ ನೋಡುತ್ತೇನೆ. ನಮ್ಮ ಗದ್ದೆ, ನಮ್ಮ ಬಾವಿ, ಹಂಡ ಮಲಗುತ್ತಿದ್ದ ಮೆಟ್ಟಿಲು ಎಲ್ಲ ಅಲ್ಲೇ ಎಲ್ಲೋ ಇದೆ. ಆ ಮೆಟ್ಟಿಲನ್ನು ಒಮ್ಮೆ ಮುಟ್ಟಬೇಕು ಅನ್ನಿಸುತ್ತದೆ, ಅಷ್ಟೇ, ಬೇರೇನೂ ಬೇಡ.

ಆ ದಿನದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ಮನೆಯ ಹೆಂಚು ಇಳಿಸಿಯಾಗಿತ್ತು. ಬಾಗಿಲು, ತೊಲೆ, ಒರಳುಕಲ್ಲು ಸಹಿತ ಎಲ್ಲವನ್ನೂ ಅಂಗಳಕ್ಕೆ ತಂದು ಲಾರಿಗೆ ಕಾಯುತ್ತಿದ್ದೆವು. ಅದರಲ್ಲಿ ಅಣ್ಣನ ಮದುವೆಯ ಮಂಚವೂ ಇತ್ತು, ತಲೆಕಡೆಯ ಹಲಗೆಗೆ ದೊಡ್ಡ ಕನ್ನಡಿ ಕೂರಿಸಿದ್ದು. ಮಂಚ ಬಿಚ್ಚಿ ಆ ಹಲಗೆಯನ್ನು ಹೊರಗೆ ತಂದವರು ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಅದನ್ನು ಅಂಗಳದ ಕಡೆಗೆ ತಿರುಗಿಸಿದವಳು ನಾನು. ತಲೆ ಬಾಚಿಕೊಳ್ಳುವುದಕ್ಕೆ. ಗುಡ್ಡದಾಚೆಯ ಗೆಳತಿಯ ಮನೆಗೆ ಹೋಗಿ ಹೇಳಿ ಬರಬೇಕಿತ್ತು, ಕೆದರಿದ ತಲೆಯಲ್ಲಿ ಹೋಗುವುದು ಹೇಗೆ?

ನಮ್ಮ ಕಡೆ ನಾಯಿಗೆ ಹೊಸಿಲು ದಾಟುವ ಪದ್ಧತಿ ಇಲ್ಲ. ಅಂಗಳ ಅದರದ್ದು, ಒಳಗೆ ನಮ್ಮದು. ಹಾಗಾಗಿ ಕೋಣೆಯೊಳಗಿನ ಕನ್ನಡಿಯನ್ನು ಹಂಡ ಹುಟ್ಟಿದ ಮೇಲೆ ನೋಡಿಯೇ ಇರಲಿಲ್ಲ. ನಾನು ಜಡೆ ಹಾಕಿಕೊಂಡು ಪಕ್ಕಕ್ಕೆ ಸರಿದದ್ದೇ ಹಂಡನಿಗೆ ಅದರೊಳಗೊಂದು ನಾಯಿ ಕಂಡಿತು ನೋಡಿ, ಬೆನ್ನಿನ ಕೂದಲೆಲ್ಲ ನಿಗುರಿತು. ಗುರ್ ಎಂದಿತು. ಕನ್ನಡಿಯೊಳಗಿನದೂ ಹಲ್ಲು ಕಿಸಿಯಿತು. ನನಗೆ ನಗು ತಡೆಯಲಿಲ್ಲ. "ಏ ಮಂಕೇ, ಅದು ನೀನೇ!" ಎಂದು ಹೇಳಿ ನಗುತ್ತಲೇ ಗುಡ್ಡ ಹತ್ತಿದೆ. ಕನ್ನಡಿಯನ್ನು ತಿರುಗಿಸಿ ಇಟ್ಟು ಹೋಗಬೇಕು ಎಂದು ಒಂದು ಕ್ಷಣವೂ ಹೊಳೆಯಲಿಲ್ಲ.

ಗೆಳತಿಯ ಮನೆಯಲ್ಲಿ ಕೂತಿದ್ದಾಗ ಕೋವಿಯ ಸದ್ದು ಕೇಳಿತು. ಯಾರೋ ಹಂದಿಗೆ ಹೊಡೆದರು ಅಂದುಕೊಂಡೆವು.

ನಾನು ವಾಪಸು ಬರುವಾಗ ಕಾಲೆಳೆದು ನಡೆಯುವ ಒಬ್ಬರು ಚೀಲ ಹಾಕಿಕೊಂಡು ಅಂಗಳದಿಂದ ಕೆಳಗಿಳಿದು ಹೋಗುತ್ತಿದ್ದರು. ಊರು ಬಿಡುವ ದನಗಳಿಗೆಲ್ಲ ಸೂಜಿ ಹಾಕಲು ಸಾಗರದಿಂದ ಬಂದವರು ಎಂದು ಆಮೇಲೆ ತಿಳಿಯಿತು. ಅವ್ವ ಒರಳುಕಲ್ಲಿನ ಮೇಲೆ ಕೂತು ಅಳುತ್ತಿದ್ದಳು. "ಹುಚ್ಚು ಹಿಡ್ದಿತ್ತಂತೆ ಕಣೆ ಹಂಡಂಗೆ. ಬಾಯಲ್ಲೆಲ್ಲ ನೊರೆ. ಮಂಚ ಎತ್ತಕ್ಕೆ ಹೋದ ಅಣ್ಣನ ಕೈಗೇ ಬಾಯಿ ಹಾಕ್ತು. ಕಂಪೌಂಡರು ಕೊಟ್ಟಿಗೆ ಹತ್ರ ನಿಂತು ನೋಡಿ, ಹುಚ್ಚೇ, ತಡ ಮಾಡ್ಬ್ಯಾಡಿ ಅಂದ್ರು. ಪಕ್ಕದ ಮನೆಯವ್ರು ಕೋವಿ ತಂದ್ರು." ಅಣ್ಣನ ಕೈಗೆ ಬಟ್ಟೆ ಸುತ್ತಿತ್ತು. ಮಂಚದ ಹಲಗೆ ಇಟ್ಟಲ್ಲೇ ಇತ್ತು, ಕನ್ನಡಿ ಅಂಗಳದ ಕಡೆಗೇ ಇತ್ತು.

ನನಗೆ ಎಲ್ಲ ಅರ್ಥವಾಯಿತು. ಹುಚ್ಚಲ್ಲ ಅವ್ವಾ, ಕನ್ನಡಿ, ನಾನೇ ತಿರುಗಿಸಿದ್ದು ಎನ್ನಬೇಕಿತ್ತು. ಎನ್ನಲಿಲ್ಲ. ಹೇಳಿದರೆ ನನ್ನ ತಲೆಗೇ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಅಣ್ಣ ಸಾಗರದ ಆಸ್ಪತ್ರೆಗೆ ಹೋಗಿ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡ. ಆಗಲೂ ಮುಚ್ಚಿಕೊಂಡೇ ಇದ್ದೆ. ನನ್ನ ಮೇಲೆ ಬರಬೇಕಾದ ಸಿಟ್ಟನ್ನೆಲ್ಲ ಗಂಟು ಕಟ್ಟಿ, ಆ ಕಾಲೆಳೆಯುವ ಮನುಷ್ಯನ ಬೆನ್ನ ಮೇಲೆ ಹೊರಿಸಿಬಿಟ್ಟೆ. ಇದು ಬಹಳ ಸುಲಭದ ಕೆಲಸ.

ಈಗ ಅದೇ ಮನುಷ್ಯ ನನ್ನ ಪಕ್ಕದ ಕೋಣೆಯಲ್ಲಿ ಗಂಜಿ ಬೇಯಿಸುತ್ತಿದ್ದರು.

ಅವರಿಗೆ ನನ್ನ ಗುರುತಿರಲಿಲ್ಲ. ಇರುವುದಾದರೂ ಹೇಗೆ, ಅವರು ನನ್ನನ್ನು ನೋಡಿಯೇ ಇರಲಿಲ್ಲ. ನಾಲ್ಕು ತಿಂಗಳು ನಾನು ಅವರ ಜೊತೆ ಮಾತಾಡಲಿಲ್ಲ. ಅವರು "ಟೀಚರೇ, ನೀರು ಬಂತು" ಎಂದರೆ ಕೇಳಿಸದವಳ ಹಾಗೆ ಒಳಗೆ ಹೋಗುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳದೆ ನನ್ನ ಕೊಡವನ್ನೂ ತುಂಬಿಸಿ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಒಮ್ಮೆ ನನಗೆ ಚಳಿಜ್ವರ ಬಂತು. ಗೋಡೆಯಾಚೆಯಿಂದ ನರಳುವುದು ಕೇಳಿ ಬಾಗಿಲ ಹೊರಗೇ ನಿಂತು ಕೂಗಿದರು: "ಟೀಚರೇ, ನಾನು ದನದ ಕಂಪೌಂಡರು, ನಿಮ್ಗೆ ಔಷಧಿ ಕೊಟ್ರೆ ಜೈಲಿಗೆ ಹಾಕ್ತಾರೆ. ಗಂಜಿ ಕೊಟ್ರೆ ಹಾಕಲ್ಲ, ತಗಳ್ಳಿ." ಜ್ವರದಲ್ಲೂ ನಗು ಬಂತು. ನಗು ಬಂದ ಮೇಲೆ ಸಿಟ್ಟು ಕಾಯುವುದು ಬಹಳ ಕಷ್ಟ.

ಆಮೇಲೆ ನಾವಿಬ್ಬರೂ ಸಂಜೆ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದೆವು. ಮಾತು ಅವರದ್ದೇ ಹೆಚ್ಚು. ಕ್ಷೌರದಂಗಡಿಗೆ ಒಂದು ನಾಯಿಮರಿಯನ್ನು ಎತ್ತಿಕೊಂಡು ಹೋಗಿ ಕನ್ನಡಿಯ ಮುಂದೆ ಬಿಟ್ಟದ್ದು, ಅದು ಬಾಲ ಅಲ್ಲಾಡಿಸಿ ಆಟಕ್ಕೆ ಕರೆದದ್ದು, ಕನ್ನಡಿಯ ಹಿಂದೆ ಹೋಗಿ ಹುಡುಕಿದ್ದು, ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಅಂಗಡಿಯವನು ಇವರನ್ನು ಹೊರಗೆ ದಬ್ಬಿದ್ದು, ಎಲ್ಲವನ್ನೂ ಕೈಸನ್ನೆ ಸಹಿತ ಹೇಳುತ್ತಿದ್ದರು. ಚೀಲದ ಕೈಗನ್ನಡಿ, ಬಸ್ಸಿನ ಕನ್ನಡಿ, ಹೊಸ ಹಿತ್ತಾಳೆ ಹಂಡೆ, ಯಾವುದನ್ನೂ ಬಿಡುತ್ತಿರಲಿಲ್ಲ. ನಾಯಿ ಯಾವುದರಲ್ಲಿ ತನ್ನನ್ನು ನೋಡಿ ಏನು ಮಾಡಿತು ಎಂಬುದು ಅವರಿಗೆ ಬೇಕು. ಈ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ನಾನೂ ನಗುತ್ತಿದ್ದೆ.

ಆ ನಗು ನಿಂತದ್ದು ಟೈಲರ್ ಅಂಗಡಿಯ ಮುಂದೆ.

ಪೇಟೆಯ ಟೈಲರು ಆಳೆತ್ತರದ ಕನ್ನಡಿಯೊಂದನ್ನು ತರಿಸಿ ಬಾಗಿಲ ಪಕ್ಕ ನಿಲ್ಲಿಸಿದ್ದ. ನಾನು ಶಾಲೆ ಮುಗಿಸಿ ಬರುವಾಗ ಅಲ್ಲಿ ಜನ ಸೇರಿದ್ದರು, ಕೈಯಲ್ಲಿ ದೊಣ್ಣೆ. ಒಂದು ಕೆಂಚು ನಾಯಿ ಬಾಯಲ್ಲಿ ನೊರೆ ಸುರಿಸುತ್ತಾ ಹಾರಿ ಹಾರಿ ಬೊಗಳುತ್ತಿತ್ತು. "ಹುಚ್ಚು ಹಿಡ್ದದೆ, ಹೊಡೀರಿ ಹೊಡೀರಿ" ಎಂದು ಗದ್ದಲ. ಅಷ್ಟರಲ್ಲಿ ಕಂಪೌಂಡರು ಆ ಕಾಲೆಳೆದುಕೊಂಡೇ ಓಡಿ ಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಯಾರೂ ಕೈ ಎತ್ಬೇಡಿ! ನಾಯಿನ ನೋಡ್ಬೇಡಿ ಮಾರಾಯ್ರೆ, ನಾಯಿ ಎಂತ ನೋಡ್ತಾ ಉಂಟು, ಅದನ್ನ ನೋಡಿ" ಎಂದರು. "ಹುಚ್ಚು ನಾಯಿಗೆ ದಿಕ್ಕಿಲ್ಲ, ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕ್ತದೆ. ಇದು ಒಂದೇ ಕಡೆ ನೋಡ್ತಾ ಉಂಟು, ಕಾಣಲ್ವಾ ನಿಮ್ಗೆ?"

ಚೀಲದಿಂದ ಟವೆಲು ತೆಗೆದರು. ನಾಯಿಯ ಪಕ್ಕದಲ್ಲೇ ಹೋಗಿ ಅದನ್ನು ಕನ್ನಡಿಯ ಮೇಲೆ ಇಳಿಬಿಟ್ಟರು. ನಾಯಿ ಎರಡು ಸಲ ಬೊಗಳಿತು. ಟವೆಲನ್ನು ಮೂಸಿತು. ಕನ್ನಡಿಯ ಹಿಂದೆ ಹೋಗಿ ಮೂಸಿತು. ಆಮೇಲೆ ಒಂದು ಸೀನು ಸೀನಿ, ಏನೂ ಆಗದ ಹಾಗೆ ಮೀನಿನಂಗಡಿಯ ಕಡೆಗೆ ಹೊರಟಿತು. ಜನ ಹೋ ಎಂದು ನಕ್ಕರು. ಕಂಪೌಂಡರು ನಗಲಿಲ್ಲ. ಟೈಲರ್ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ನಗಲಿಲ್ಲ.

ಆ ಸಂಜೆ ಜಗಲಿಯಲ್ಲಿ ನಾನೇ ಕೇಳಿದೆ, "ನಾಯಿ ಕನ್ನಡಿಗೆ ಯಾಕೆ ಅಷ್ಟು ಸಿಟ್ಟು ಮಾಡ್ತದೆ ಕಂಪೌಂಡರೇ?"

"ಸಿಟ್ಟಲ್ಲ ಟೀಚರೇ, ಹೆದರಿಕೆ" ಎಂದರು. "ನಾವು ಕಣ್ಣಲ್ಲಿ ನೋಡಿ ನಂಬ್ತೀವಿ. ನಾಯಿಗೆ ಮೂಗು ಹೂಂ ಅನ್ಬೇಕು. ಕನ್ನಡೀಲಿ ಒಂದು ನಾಯಿ ಕಾಣ್ತದೆ, ಆದ್ರೆ ವಾಸನೆ ಇಲ್ಲ. ವಾಸನೆ ಇಲ್ಲದ ನಾಯಿ ಅದು ಹುಟ್ಟಿದಾಗಿಂದ ಕಂಡಿಲ್ಲ. ಅದು ನಾನೇ ಅಂತ ಗೊತ್ತಾಗೂದು ಹೆಂಗೆ? ತನ್ನ ಮುಖ ಎಂಥದು ಅಂತ ಯಾವ ನಾಯಿಗೆ ಗೊತ್ತು? ಮತ್ತೆ ಇನ್ನೊಂದು ಉಂಟು. ಎರಡು ನಾಯಿ ಜಗಳ ಆಡಿದ್ರೆ ಒಂದು ಬಾಲ ಇಳಿಸ್ತದೆ, ಅಲ್ಲಿಗೆ ಮುಗೀತು. ಕನ್ನಡಿ ಒಳಗಿಂದು ಇದು ಬಾಲ ಇಳಿಸೋ ತನಕ ಇಳಿಸಲ್ಲ. ಬೀದಿ ನಾಯಿ ಆದ್ರೆ ಇಳಿಸಿ ಹೋಗ್ತದೆ. ಮನೆ ಕಾಯೋ ನಾಯಿ ಇಳಿಸಲ್ಲ ಟೀಚರೇ. ಅದರ ಅಂಗಳ ಅಲ್ವಾ."

ನಾನು ಸೆರಗು ಬಾಯಿಗೆ ಹಿಡಿದು ಕೂತೆ.

"ಎರಡು ಮೂರು ದಿನ ಬಿಟ್ರೆ ತಾನೇ ಸುಮ್ನಾಗ್ತದೆ" ಎಂದರು. "ವಾಸನೆ ಇಲ್ಲ, ಸದ್ದಿಲ್ಲ, ಇದರಲ್ಲಿ ಎಂತದೂ ಇಲ್ಲ ಅಂತ ಬಿಟ್ಟುಬಿಡ್ತದೆ. ಎರಡು ಮೂರು ದಿನ ಸಾಕು. ನಾನು ಒಂದು ಗಳಿಗೆ ಸಹ ಕೊಡ್ಲಿಲ್ಲ."

ಆಮೇಲೆ ಮುಳುಗಡೆಯ ಊರೊಂದರ ಕತೆ ಹೇಳಿದರು. ನಮ್ಮ ಮನೆಯ ಕತೆಯನ್ನು ನನಗೇ ಹೇಳಿದರು. ಅವರು ಕೊಟ್ಟಿಗೆಯ ಬಳಿ ನಿಂತಿದ್ದರು, ಅಲ್ಲಿಂದ ಹಲಗೆಯ ಅಂಚು ಮಾತ್ರ ಕಾಣುತ್ತಿತ್ತು. ಮಂಚ ಎತ್ತಲು ಹೋದವನ ಕೈಯಲ್ಲಿ ರಕ್ತ, ಸುತ್ತ ಹೆಂಗಸರು ಕಿರುಚುತ್ತಿದ್ದರು, ಇನ್ನೂ ಎರಡು ಊರಿನ ದನ ಬಾಕಿ ಇದ್ದವು. ಹುಚ್ಚೇ ಎಂದುಬಿಟ್ಟರು. ಕೋವಿ ಹಾರಿದ ಮೇಲೆ ಹತ್ತಿರ ಹೋಗಿ, ನಾಯಿಯ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿಸಿ ತಲೆ ಎತ್ತಿದರು.

"ಎದುರಿಗೆ ನಾನೇ ಕೂತಿದ್ದೆ ಟೀಚರೇ. ನಾನು, ಮತ್ತೆ ಆ ನಾಯಿ. ಆಗ ಗೊತ್ತಾಯ್ತು. ಆ ಮನೆಯವರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ಚೀಲ ತಗಂಡು ಕೆಳಗಿಳಿದುಬಿಟ್ಟೆ. ತಪ್ಪು ನಂದೇ, ನಾನು ನೋಡ್ಬೇಕಿತ್ತು." ಮತ್ತೆ ಹೇಳಿದರು, "ಆದ್ರೆ ಒಂದು ಮಾತು ತಲೆ ತಿಂತದೆ. ಅಷ್ಟು ಜನ ಇದ್ದ ಮನೆ. ಅದು ಕನ್ನಡಿ ನೋಡಿ ಬೊಗಳೂದನ್ನ ಒಬ್ಬರೂ ನೋಡಿರ್ಲಿಲ್ವಾ? ಒಬ್ಬರು ಹೇಳಿದ್ರೆ ಸಾಕಿತ್ತು."

ನೋಡಿದ್ದ ನಾನು ಅವರಿಂದ ಒಂದು ಮೊಳ ದೂರದಲ್ಲಿ ಕೂತಿದ್ದೆ. ಈ ಮನುಷ್ಯ ಎರಡು ವರ್ಷಕ್ಕೂ ಮೇಲಿಂದ ಮನೆ ಮನೆಯ ಬಾಗಿಲಲ್ಲಿ ಕನ್ನಡಿ ಎಲ್ಲಿ ಎಂದು ಕೇಳುತ್ತಾ ತಿರುಗುತ್ತಿದ್ದಾರೆ, ಊರವರ ನಗೆಗೆ ಗುರಿಯಾಗಿದ್ದಾರೆ. ನಾನು ಬಾಯಿ ಬಿಟ್ಟರೆ ಆ ಹೊರೆಯಲ್ಲಿ ಅರ್ಧ ಇಳಿಯುತ್ತದೆ. ಆದರೆ ಅವರ ಮುಖದಲ್ಲಿ ನನ್ನ ಮೇಲಿದ್ದ ಆ ಅಕ್ಕರೆ ಉಳಿಯುತ್ತದೆಯೇ? ಊರು ಹೋದ ಮೇಲೆ ನನಗೆ ಸಿಕ್ಕ ಮನೆಯಂಥದು ಆ ಜಗಲಿ ಒಂದೇ. ಅದನ್ನು ಕಳೆದುಕೊಳ್ಳುವ ಧೈರ್ಯ ಬರಲಿಲ್ಲ. "ಕತ್ತಲಾಯ್ತು, ದೀಪ ಹಚ್ತೀನಿ" ಎಂದು ಎದ್ದು ಒಳಗೆ ಹೋದೆ.

ಅದಾದ ಮೇಲೆ ಮತ್ತೂ ಎರಡು ವರ್ಷ ಪಕ್ಕದಲ್ಲಿದ್ದೆವು. ಇವತ್ತು ಹೇಳುತ್ತೇನೆ ಎಂದು ಎಷ್ಟು ಬೆಳಿಗ್ಗೆ ಎದ್ದೆನೋ! ಸಂಜೆ ಅವರು ಚೀಲ ಇಳಿಸಿ, "ಟೀಚರೇ, ಇವತ್ತೊಂದು ಚೋದ್ಯ ಆಯ್ತು" ಎಂದು ಶುರುಮಾಡಿದರೆ ನಾನು ಕತೆ ಕೇಳುತ್ತಾ ಕೂತುಬಿಡುತ್ತಿದ್ದೆ. ಈಗ ಆ ದನಿ ಕೇಳಬೇಕೆಂದು ಎಷ್ಟು ಆಸೆಯಾಗುತ್ತದೆ ಎಂದು ಹೇಗೆ ಬರೆಯಲಿ? ಸಂಜೆ ಯಾರ ಮನೆಯಲ್ಲಾದರೂ ಫಿನಾಯಿಲ್ ಹಾಕಿ ಒರೆಸಿದ್ದರೆ ನಾನು ಸುಮ್ಮನೆ ಒಂದು ಗಳಿಗೆ ನಿಲ್ಲುತ್ತೇನೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಹೆಂಡತಿ ಮಕ್ಕಳ ಹತ್ತಿರ ಹೋಗುವುದು, ಅವರಿಗೆ ಸಂತೋಷ. ಬಸ್ ಸ್ಟ್ಯಾಂಡಿಗೆ ಟ್ರಂಕು ಹಿಡಿದು ನಾನೂ ಹೋದೆ. ಅವರು ಕಿಟಕಿಯ ಪಕ್ಕ ಕೂತರು. "ರಜೆಗೆ ಬನ್ನಿ ಟೀಚರೇ, ನಮ್ಮನೆಯವಳ ಕೈ ಕಡುಬು ತಿನ್ನೂರಂತೆ" ಎಂದರು. ಕಂಡಕ್ಟರು ಸೀಟಿ ಊದುವವರೆಗೆ ನಾನು ಕಾದೆ. ಬೇಕೆಂದೇ ಕಾದೆ. ಉತ್ತರ ಕೇಳುವ ಧೈರ್ಯ ಇಲ್ಲದವರು ಹೀಗೇ ಮಾಡುವುದು. ಬಸ್ಸು ಅಲ್ಲಾಡಿದಾಗ ಕಿಟಕಿಯ ಸರಳು ಹಿಡಿದು ಒಂದೇ ಉಸಿರಿಗೆ ಹೇಳಿದೆ:

"ಕಂಪೌಂಡರೇ, ಆ ಮುಳುಗಡೆ ಮನೆ ನಮ್ದು. ಆ ನಾಯಿ ನಮ್ದು. ಕನ್ನಡಿ ಆ ಕಡೆ ತಿರುಗಿಸಿಟ್ಟೋಳು ನಾನೇ. ಅದು ಬೊಗಳೋದನ್ನ ನೋಡಿದೋಳೂ ನಾನೇ. ನಕ್ಕೊಂಡು ಹೋದೆ. ಯಾರಿಗೂ ಹೇಳ್ಲಿಲ್ಲ."

ಬಸ್ಸು ಹೊರಟಿತು. ನಾನು ಸರಳು ಬಿಟ್ಟೆ. ಅವರ ಮುಖ ನೋಡಬಾರದೆಂದು ತಲೆ ತಗ್ಗಿಸಿದೆ. ಅಷ್ಟರಲ್ಲಿ ಅವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು. ಬೈಗುಳವಲ್ಲ, ಸಮಾಧಾನವೂ ಅಲ್ಲ.

"ಅದರ ಹೆಸರೆಂತದು? ಟೀಚರೇ, ಅದರ ಹೆಸರು?"

ಇಷ್ಟು ವರ್ಷ ಹೆಸರೇ ಗೊತ್ತಿಲ್ಲದ ಒಂದು ನಾಯಿಗಾಗಿ ಅವರು ಕೊರಗಿದ್ದರು. ನಾನು ಓಡಿದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಚಪ್ಪಲಿ ಒಂದು ಕಡೆ ಬಿದ್ದು, ಹೊಸನಗರದ ನಡುಪೇಟೆಯಲ್ಲಿ, ನನ್ನ ಶಾಲೆಯ ಮಕ್ಕಳು ನೋಡುತ್ತಿದ್ದಂತೆ ಬಸ್ಸಿನ ಹಿಂದೆ ಓಡಿದೆ. "ಹಂಡಾ!" ಎಂದು ಕೂಗಿದೆ. ಬಸ್ಸಿನ ಸದ್ದಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ, ಗದ್ದೆಯ ಆ ತುದಿಯಿಂದ ಊಟಕ್ಕೆ ಕರೆಯುತ್ತಿದ್ದ ಹಾಗೆ, "ಹಂಡಾ! ಹಂಡಾ!" ಎಂದೆ. ಊರು ಬಿಟ್ಟ ಮೇಲೆ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವಾಗ ಕಿಟಕಿಯಲ್ಲಿ ಅವರ ತುಟಿ ಅಲ್ಲಾಡಿದ್ದು ಕಂಡಿತು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅದನ್ನು ಕೇಳಲು ಒಂದು ಕಾರ್ಡನ್ನೂ ನಾನು ಬರೆಯಲಿಲ್ಲ.

ರಸ್ತೆಯ ನಡುವೆ ನಿಂತು ಏದುಸಿರು ಬಿಡುತ್ತಿದ್ದೆ. ಸೊಪ್ಪು ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು, ನನ್ನ ಚಪ್ಪಲಿ ಎತ್ತಿಕೊಂಡು ಬಂದಳು.

"ಯಾರನ್ನ ಅಷ್ಟು ಕೂಗಿ ಕರೀತಿದ್ರಿ ಟೀಚರಮ್ಮ?" ಎಂದಳು.

"ನಮ್ಮ ನಾಯಿನ" ಎಂದೆ.

ಪಾಪ, ಅವಳು ಹಣೆಗೆ ಕೈ ಅಡ್ಡ ಹಿಡಿದು ರಸ್ತೆಯ ಆ ಕಡೆ ಈ ಕಡೆ ನೋಡಿದಳು.

"ಎಲ್ಲಿದೆ?" ಎಂದಳು.